ಸೋಮವಾರದ ಸೂಜಿ

ರುದ್ರಯ್ಯನ ಮನೆಯಲ್ಲಿ ಸೋಮವಾರವೆಂದರೆ ದನಗಳಿಗೆ ರಜ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕೋಲು ಎತ್ತುವುದಿಲ್ಲ, ಲಾಳ ಹೊಡೆಸುವುದಿಲ್ಲ. ಕೊಳಾಲದಿಂದ ಮೂರು ಕಿಲೋಮೀಟರ್ ಒಳಗಿರುವ ಬಂಡೆಪಾಳ್ಯದಲ್ಲಿ ಸೋಮವಾರ ಆರು ಕಟ್ಟದ, ಅಂದರೆ ಉಳುಮೆ ಮಾಡದ, ಮನೆಗಳು ಇನ್ನೂ ಹತ್ತಾರಿವೆ. ಟ್ರ್ಯಾಕ್ಟರ್ ಬಂದ ಮೇಲೆ ಅವರ ನೇಮ ತಾನಾಗಿಯೇ ಸಡಿಲವಾಯಿತು. ರುದ್ರಯ್ಯನದು ಮಾತ್ರ ವರ್ಷವರ್ಷಕ್ಕೂ ಬಿಗಿಯಾಯಿತು. ಹತ್ತು ವರ್ಷದ ಹಿಂದೆ ಅದಕ್ಕೆ ಸೂಜಿಯೂ ಸೇರಿಕೊಂಡಿತು. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಸೋಮವಾರ ಬಂದವರಿಗೆ ಬಾಗಿಲಲ್ಲೇ ಮಜ್ಜಿಗೆ ಕೊಟ್ಟು ಕಳಿಸಿ, ಮಂಗಳವಾರ ತಾನೇ ದನಗಳನ್ನು ಪಕ್ಕದೂರಿಗೆ ಹೊಡೆದುಕೊಂಡು ಹೋಗಿ ಚುಚ್ಚಿಸಿಕೊಂಡು ಬಂದಿದ್ದ.

"ಹಾಲು ಮಾತ್ರ ಸೋಮವಾರವೂ ಕರೀಬೌದೇನ್ರೀ?" ಎಂದು ಹೆಂಡತಿ ಸರ್ವಮಂಗಳಾ ಒಮ್ಮೆ ಕೇಳಿದ್ದಳು.

"ಹಾಲು ಅದು ಕೊಡೋದು. ಸೂಜಿ ನಾವು ಚುಚ್ಚೋದು," ಅಂದಿದ್ದ.

 ಮೂವತ್ತೆಂಟು ವರ್ಷದ ಸಂಸಾರದಲ್ಲಿ, ಉತ್ತರ ಸಿಗದ ಕಡೆ ಸಂದು ಹುಡುಕುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು.

ಅವಳದೊಂದು ಹಸುವಿತ್ತು. ಕಪ್ಪು ಮೈ, ನಾಲ್ಕೂ ಕಾಲು ಮೊಣಕಾಲಿನವರೆಗೆ ಬಿಳಿ, ಹಾಗಾಗಿ ಬಿಳಿಗಾಲಿ. ಹೆಂಗಸರ ಸಂಘದಿಂದ ಅವಳೇ ಹೊಂದಿಸಿಕೊಂಡು ತಂದ ಸೀಮೆಹಸು. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಡೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುವ ಅರ್ಧ ಗಂಟೆಯಿದೆಯಲ್ಲ, ದಿನದಲ್ಲಿ ಅದೊಂದೇ ಹೊತ್ತು ಯಾರೂ ಅವಳನ್ನು 'ಅದೆಲ್ಲಿ, ಇದೆಲ್ಲಿ' ಎಂದು ಕೇಳುತ್ತಿರಲಿಲ್ಲ. ಊರಿನ ಸುದ್ದಿಯೆಲ್ಲ ಆ ಸಾಲಿನಲ್ಲೇ ಸಿಗುತ್ತಿತ್ತು, ಕೆಲವು ಹುಟ್ಟುವುದೂ ಅಲ್ಲೇ.

ಆ ಬಿಳಿಗಾಲಿ ಕರು ಹಾಕಿ ಐದು ತಿಂಗಳಾದರೂ ಬೆದೆಗೆ ಬಂದಿರಲಿಲ್ಲ. ಮೊಳಕೆ ಕಾಳು ತಿನ್ನಿಸಿದ್ದಾಯಿತು, ಖನಿಜದ ಪುಡಿ ನೆಕ್ಕಿಸಿದ್ದಾಯಿತು. ಅದು ಮೇಯುವುದು, ಮಲಗುವುದು, ಸರ್ವಮಂಗಳಳ ಸೆರಗು ಅಗಿಯುವುದು, ಇಷ್ಟೇ. ಹಾಲು ಇಳಿಯತೊಡಗಿತು.

"ಗಬ್ಬ ನಿಲ್ಲದ ಹಸೂನ ಇಟ್ಕೊಂಡು ಹುಲ್ಲು ದಂಡ," ಎಂದ ರುದ್ರಯ್ಯ. "ಪಾವಗಡದ ಬೈಲಪ್ಪ ಕೇಳ್ತಾವ್ನೆ. ಕೊಟ್ಟು ಒಂದು ನಾಟಿ ಹಸು ತರಾನ."

"ಡಾಕ್ಟ್ರು ಏನೋ ಕೋರ್ಸ್ ಅಯ್ತೆ ಅಂದವ್ರೆ. ಅದೊಂದು ನೋಡ್ಬುಡಾನ."

"ನೋಡು. ಆಮೇಲೂ ನಿಲ್ಲಲಿಲ್ಲ ಅಂದ್ರೆ ಬೈಲಪ್ಪನ ಟೆಂಪೋನೇ." ರುದ್ರಯ್ಯ ಒಮ್ಮೆ ಹೇಳಿದ ಮಾತನ್ನು ತಿರುಗಿಸುವವನಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮಧುಗಿರಿ ಕಡೆಯ ಹಾಲೇಶ್ ಡಾಕ್ಟರು ಬಂಡೆಪಾಳ್ಯಕ್ಕೆ ಬರುವುದು ಶನಿವಾರ. ಬಂದವರು ಬಿಳಿಗಾಲಿಯನ್ನು ಪರೀಕ್ಷೆ ಮಾಡಿ, ಮೊದಲ ಇಂಜೆಕ್ಷನ್ ಹಾಕಿಯೇ ಕೈ ತೊಳೆದುಕೊಂಡು, ಚೀಟಿಯ ಮೇಲೆ ಸೊನ್ನೆ, ಏಳು, ಒಂಬತ್ತು, ಹತ್ತು ಎಂದು ಬರೆದರು.

"ಇವತ್ತಿಂದು ಸೊನ್ನೆ ದಿನ. ಒಳಗೆ ಮಲಗಿರೋದನ್ನ ಎಬ್ಬಿಸ್ತದೆ. ಏಳನೇ ದಿನದ್ದು ಒಳಗಿರೋ ಹಳೇ ಗಂಟನ್ನ ಕರಗಿಸ್ತದೆ. ಒಂಬತ್ತನೇ ದಿನ ಸಾಯಂಕಾಲದ್ದು ಮೊಟ್ಟೆ ಬಿಡಿಸ್ತದೆ. ಹತ್ತನೇ ದಿನ ಬೆಳಗ್ಗೆ ಕಡ್ಡೀಲಿ ಹೋರಿ ಬೀಜ ಹಾಕ್ತೀನಿ. ಬೆದೆ ಕಾಣ್ಲಿ ಬಿಡ್ಲಿ, ಗಡಿಯಾರ ನೋಡ್ಕೊಂಡು ಹಾಕೋದು."

"ಬೆದೆಗೂ ಟೈಂಟೇಬಲ್ಲಾ?" ಎಂದ ಜಗಲಿಯ ಮೇಲಿದ್ದ ರುದ್ರಯ್ಯ. "ಕೊಳಾಲದ ಬಸ್ಸಿಗೇ ಇಲ್ವಲ್ಲ ಸ್ವಾಮಿ."

ಮುಂದಿನ ಶನಿವಾರ ಎರಡನೆಯದೂ ಆಯಿತು. ಡಾಕ್ಟರ ಬೈಕು ಊರು ದಾಟಿದ ಮೇಲೆ ಸರ್ವಮಂಗಳಾ ಚೀಟಿ ಹಿಡಿದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು. ಸೊನ್ನೆ ಶನಿವಾರ. ಏಳೂ ಶನಿವಾರ. ಎಂಟು ಭಾನುವಾರ. ಒಂಬತ್ತು...

ಇನ್ನೊಮ್ಮೆ ಎಣಿಸಿದಳು. ಗೆಣ್ಣು ಮುಟ್ಟಿ ಎಣಿಸಿದಳು. ಹೆಂಗೆ ಎಣಿಸಿದರೂ ಒಂಬತ್ತು ಬಂದು ಕೂರುವುದು ಸೋಮವಾರದ ಮೇಲೆಯೇ.

ಹಿತ್ತಿಲಿಗೆ ಹೋಗಿ ಫೋನ್ ಮಾಡಿದಳು. "ಡಾಕ್ಟ್ರೇ, ಮೂರನೇದನ್ನ ಭಾನುವಾರ ಹಾಕ್ಬುಡಿ."

"ಆಗಲ್ಲ ಕಣಮ್ಮ. ಭಾನುವಾರ ಮೊಟ್ಟೆ ಬಲಿತಿರಲ್ಲ."

"ಮಂಗಳವಾರ?"

"ಹೊತ್ತು ಮೀರ್ತದೆ. ಯಾಕೆ, ಸೋಮವಾರ ಏನು?"

ಹೇಳಿದಳು. ಹಾಲೇಶ್ ಲೊಚಗುಟ್ಟಿದರು. "ಮೊದಲೇ ಹೇಳಿದ್ರೆ ಗುರುವಾರ ಶುರು ಮಾಡ್ತಿದ್ದೆ. ನಮ್ಮ ಫಾರಮ್ಮಲ್ಲಿ ಹಸುವಿನ ತಳಿ, ವಯಸ್ಸು ಎಲ್ಲಾ ಕೇಳ್ತಾರೆ. ವಾರ ಕೇಳಲ್ಲ. ಯಜಮಾನ್ರಿಗೆ ಒಂದು ಮಾತು ಹೇಳಿ ನೋಡಿ."

ರುದ್ರಯ್ಯನಿಗೆ ಹೇಳುವುದೂ ಒಂದೇ, ಬೈಲಪ್ಪನಿಗೆ ಫೋನ್ ಮಾಡುವುದೂ ಒಂದೇ. ಆ ಸಂಜೆ ಡೇರಿಯ ಸಾಲಿನಲ್ಲಿ ಅವಳ ಮುಖ ನೋಡಿಯೇ ಚಿಕ್ಕಹನುಮಕ್ಕ ಹತ್ತಿರ ಬಂದಳು. ಊರ ಆಚೆಬದಿಯ ಹಟ್ಟಿಯವಳು, ಡೇರಿ ಕಮಿಟಿಯ ಮೆಂಬರ್, ಮೂರು ಹಸುಗಳ ಒಡತಿ. ಕಮಿಟಿಯ ಗಂಡಸರೆಲ್ಲ ಅವಳ ಬಾಯಿಗೆ ಹೆದರುತ್ತಿದ್ದರು. ಸರ್ವಮಂಗಳಳಿಗೆ ಹೆದರಿಕೆಯಿರಲಿಲ್ಲ, ಆ ಬಾಯಿಯ ರುಚಿ ಹತ್ತಿತ್ತು.

ಎಲ್ಲ ಕೇಳಿಸಿಕೊಂಡು ಚಿಕ್ಕಹನುಮಕ್ಕ ಎಲೆಅಡಿಕೆ ಉಗಿದಳು. "ನಮ್ದು ಶನಿವಾರದ ಹನುಮಪ್ಪ. ಸೋಮವಾರ ನಮ್ಮಟ್ಟೀಲಿ ಸೂಜಿ ಚುಚ್ಚಿದ್ರೆ ಯಾವ ದ್ಯಾವ್ರೂ ಎದ್ದು ಬರಲ್ಲ. ಹೊಡ್ಕಂಡು ಬಾ, ನಮ್ಮ ಕೊಟ್ಟಿಗೇಲಿ ಕಟ್ಟು."

"ಎಲ್ಲಿ ಕಟ್ಟಿದ್ರೂ ನಮ್ಮನೆ ಹಸು ನಮ್ಮನೆ ಹಸುವೇ ಅಂತಾರೆ ನಮ್ಮೋರು."

"ಅಂಗಾದ್ರೆ ನಿಮ್ಮನೇದು ಅಲ್ಲ ಅನ್ನಿಸ್ಬುಡು. ಮಾರ್ಬುಡು ನಂಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿದ್ದವಳು "ಮುಂದಕ್ಕೆ ಸರೀರಮ್ಮ" ಎಂದು ಕ್ಯಾನಿನಲ್ಲಿ ತಿವಿಯುವವರೆಗೂ ನೋಡುತ್ತಲೇ ಇದ್ದರು.

ಭಾನುವಾರ ಸಂಜೆ ಸರ್ವಮಂಗಳಾ ಬಿಳಿಗಾಲಿಯನ್ನು ಹಟ್ಟಿಗೆ ಹೊಡೆದುಕೊಂಡು ಹೋದಳು. ಚಿಕ್ಕಹನುಮಕ್ಕ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟಳು. ಸರ್ವಮಂಗಳಾ ತನ್ನ ಹಗ್ಗ ಬಿಚ್ಚಿಕೊಂಡಳು. ಚಿಕ್ಕಹನುಮಕ್ಕ ತನ್ನದನ್ನು ಕಟ್ಟಿದಳು. ದನ ಮಾರಿದವರು ಹಗ್ಗ ಕೊಡುವುದಿಲ್ಲ, ಅದು ಈ ಸೀಮೆಯ ಕ್ರಮ. ಯಾಪಾರ ಯಾಪಾರದ ಹಾಗೇ ಕಾಣಬೇಕಲ್ಲ.

ಖಾಲಿ ಹಗ್ಗ ಹಿಡಿದು ಬಂದವಳನ್ನು ರುದ್ರಯ್ಯ ಜಗಲಿಯಿಂದಲೇ ನೋಡಿದ.

"ಹಸು ಎಲ್ಲಿ?"

"ಮಾರಿದೆ."

"ಆಂ?"

"ನೀವೇ ಅಂತಿದ್ರಲ್ಲ, ಕೊಟ್ಬುಡಾನ ಅಂತ. ಚಿಕ್ಕಹನುಮಕ್ಕಂಗೆ ಕೊಟ್ಟೆ. ಕಾಯಿ, ವೀಳ್ಯ ಕೊಟ್ಲು." ಸೆರಗಿನಿಂದ ತೆಗೆದು ಜಗಲಿಯ ಮೇಲಿಟ್ಟಳು.

ರುದ್ರಯ್ಯ ಕಾಯಿ ನೋಡಿದ, ಹಗ್ಗ ನೋಡಿದ. ಅವಳನ್ನು ಎಷ್ಟು ಹೊತ್ತು ನೋಡಿದನೆಂದರೆ ಒಲೆಯ ಮೇಲಿನ ಎಸರು ಉಕ್ಕಿತು. ಅದನ್ನೇ ನೆಪ ಮಾಡಿಕೊಂಡು ಅವಳು ಒಳಗೆ ಓಡಿದಳು. ಆ ರಾತ್ರಿ ಮುದ್ದೆ ಉಣ್ಣುವಾಗಲೂ ಅವನು ಏನೂ ಕೇಳಲಿಲ್ಲ. ಅವಳಿಗೆ ಅದೇ ಸ್ವಲ್ಪ ಕಸಿವಿಸಿಯಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ರುದ್ರಯ್ಯ ಎಂದಿನಂತೆ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿದ. ಬಿಳಿಗಾಲಿ ಕಟ್ಟುವ ಗೂಟದ ಮುಂದೆ ಬಂದಾಗ ಬೆರಳಲ್ಲಿ ವಿಭೂತಿ ಉಳಿದಿತ್ತು. ಗೂಟಕ್ಕೇ ಒರೆಸಿ ಹೋದ.

ಸಂಜೆ ಐದೂವರೆಗೆ ಸರ್ವಮಂಗಳಾ "ಡೇರೀಲಿ ಮೀಟಿಂಗ್ ಅಯ್ತೆ" ಎಂದು ಹೇಳಿ ಹಟ್ಟಿಗೆ ಹೋದಳು. ಚಿಕ್ಕಹನುಮಕ್ಕನ ಕೊಟ್ಟಿಗೆ ಸರ್ಕಾರದ ಸ್ಕೀಮಿನಲ್ಲಿ ಕಟ್ಟಿದ್ದು. ಸಿಮೆಂಟು ನೆಲ, ರಬ್ಬರ್ ಹಾಸು, ಮೇಲೊಂದು ಫ್ಯಾನು. ಬಿಳಿಗಾಲಿ ಆ ಹಾಸಿನ ಮೇಲೆ ಕಾಲು ಮಡಚಿ ಕೂತು ಮೆಲುಕು ಹಾಕುತ್ತಿತ್ತು. ಒಡತಿ ಬಂದರೂ ತಲೆ ಎತ್ತಲಿಲ್ಲ.

"ನೋಡು, ಅತ್ತೆ ಮನೆ ಮರ್ತೋಯ್ತು," ಎಂದಳು ಚಿಕ್ಕಹನುಮಕ್ಕ.

ಹಾಲೇಶ್ ಬಂದರು. ಎಲ್ಲ ಕೇಳಿ ಸಿರಿಂಜು ಕೈಯಲ್ಲೇ ಹಿಡಿದು ನಗತೊಡಗಿದರು. "ಅಂದ್ರೆ ರಿಜಿಸ್ಟ್ರಲ್ಲಿ ಮಾಲೀಕರ ಹೆಸರು ಯಾರ್ದು ಬರೀಲಿ?"

"ಚುಚ್ಚಿ ಡಾಕ್ಟ್ರೇ ಮೊದ್ಲು, ಹೊತ್ತು ಮೀರ್ತದೆ," ಎಂದಳು ಸರ್ವಮಂಗಳಾ.

ಮಂಗಳವಾರ ಬೆಳಗ್ಗೆ ಅದೇ ಕೊಟ್ಟಿಗೆಯಲ್ಲಿ ಕಡ್ಡಿಯೂ ಆಯಿತು. ಡಾಕ್ಟರು ಹೋದ ಕೂಡಲೇ ಸರ್ವಮಂಗಳಾ ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಹಗ್ಗ ತೆಗೆದಳು. "ಕೊಡು, ಹೊಡ್ಕಂಡೋಯ್ತೀನಿ."

"ಯಾವುದ್ನ?"

"ಹಸೂನ ಕಣೇ."

"ಯಾವ ಹಸು?" ಚಿಕ್ಕಹನುಮಕ್ಕ ಕೊಟ್ಟಿಗೆಯ ಬಾಗಿಲಿಗೆ ಅಡ್ಡಲಾಗಿ ಕೂತು, ಕಾಲು ಚಾಚಿ, ಎಲೆಗೆ ಸುಣ್ಣ ಸವರತೊಡಗಿದಳು. "ಕಾಯಿ ಕೊಟ್ಟಿವ್ನಿ, ವೀಳ್ಯ ಕೊಟ್ಟಿವ್ನಿ. ನಿನ್ನ ಹಗ್ಗ ನೀನು ಬಿಚ್ಕಂಡಿದ್ದೀಯ. ಇನ್ನೇನು?"

"ತಮಾಷೆ ಸಾಕು ಕಣೇ. ಬೆಳಗಿನ ಹಾಲು ಕರೀಬೇಕು."

"ಕರ್ದಾಯ್ತು. ಡೇರಿಗೆ ಹಾಕ್ದೆ, ನನ್ನ ನಂಬರಿಗೆ."

 ಚಿಕ್ಕಹನುಮಕ್ಕ ಅವಳ ಮುಖ ನೋಡಿ ನಗು ತಡೆಯಲಾಗದೆ ಎಲೆಯನ್ನು ಬಾಯಿಗೆ ತುರುಕಿಕೊಂಡಳು. "ಕೊಡಲ್ಲ ಅಂದ್ನಾ? ಕೊಡ್ತೀನಿ. ಆದ್ರೆ ಯಾಪಾರ ಕ್ರಮವಾಗಿ ಆಗ್ಲಿ. ಮಾರುವಾಗ ನೀನು ಬಂದೆ. ಕೊಳ್ಳೋಕೆ ಯಜಮಾನ್ರು ಬರ್ಲಿ."

ಅಲ್ಲಿಗೆ ಸರ್ವಮಂಗಳಳಿಗೆ ಅರ್ಥವಾಯಿತು. ರುದ್ರಯ್ಯ ಅರವತ್ತನಾಲ್ಕು ವರ್ಷ ಇದೇ ಊರಿನಲ್ಲಿ ಬದುಕಿದ್ದಾನೆ. ಹಟ್ಟಿಯ ನಲ್ಲಿಕಟ್ಟೆಯಿಂದ ಆಚೆ ಅವನ ಚಪ್ಪಲಿ ಹೋಗಿದ್ದಿಲ್ಲ. ಜಗಳವೇನಿಲ್ಲ. ಸುಮ್ಮನೆ ಹೋಗಿದ್ದಿಲ್ಲ.

ಮನೆಗೆ ಬರಿಗೈಯಲ್ಲಿ ಬಂದಳು. ರುದ್ರಯ್ಯ ಕಾಯುತ್ತಿದ್ದವನಂತೆ ಕೂತಿದ್ದ.

"ಒಂದು ಕೇಳ್ತೀನಿ, ನೇರ ಹೇಳು. ಮಾರಿದ್ದು ನಿಜವೋ, ಸುಳ್ಳೋ?"

ಅವಳು ಬಾಯಿ ತೆರೆದಳು. ಯಾವ ಕಡೆ ಹೆಜ್ಜೆಯಿಟ್ಟರೂ ಗುಂಡಿಯೇ.

"ಸುಳ್ಳಾದ್ರೆ ನಿನ್ನೆ ಸೂಜಿ ಬಿದ್ದಿದ್ದು ನಮ್ಮ ಹಸೂಗೆ. ಡಾಕ್ಟರ ಬೈಕು ಹಟ್ಟಿ ಕಡೆ ತಿರುಗಿದ್ದನ್ನ ನಾನೂ ನೋಡಿವ್ನಿ. ನಮ್ಮಪ್ಪನ ಕಾಲದ ನೇಮ ಮುರೀತು. ನಿಜವಾದ್ರೆ ಹಸು ಅವಳ್ದು."

"ನಿಜ," ಎಂದಳು ಸಣ್ಣ ದನಿಯಲ್ಲಿ.

"ನಿಜ ತಾನೆ?"

"ನಿಜ ಕಣ್ರೀ. ಆದ್ರೆ ವಾಪಸ್ ಬೇಕು ನಂಗೆ. ನೀವು ಬಂದು ಕೇಳಿದ್ರೆ ಕೊಡ್ತಾಳಂತೆ."

 ನೇಮ ಉಳಿಯಬೇಕಾದರೆ ಮಾರಾಟ ನಿಜವಾಗಬೇಕು; ಮಾರಾಟ ನಿಜವಾದ ಮೇಲೆ ಹಸು ವಾಪಸ್ ಬರಬೇಕಾದರೆ ರುದ್ರಯ್ಯ ಹಟ್ಟಿಗೆ ಹೋಗಿ ಕೊಳ್ಳಬೇಕು. ತಾನು ಕಟ್ಟಿದ ಬೇಲಿಯೊಳಗೆ ತಾನೇ ಒಂದು ಸುತ್ತು ಹಾಕಿ ಬಂದು, ಕೊನೆಗೆ ಎದ್ದು, ಗೋಡೆಯ ಗೂಟದ ಮೇಲಿದ್ದ ಒಗೆದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ.

"ನಡಿ," ಎಂದ.

ನಲ್ಲಿಕಟ್ಟೆಯ ಬಳಿ ಅವನ ಕಾಲು ಒಂದು ಕ್ಷಣ ತಡೆಯಿತು. ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ತುಂಬಿ ಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ. ಅವನು ದಾಟಿದ.

ಚಿಕ್ಕಹನುಮಕ್ಕ ಜಗಲಿಯ ಮೇಲೆ ಚಾಪೆ ಹಾಸಿದ್ದಳು. ರುದ್ರಯ್ಯ ಚಾಪೆ ನೋಡಿದ, ಕೂತ. ಗಂಟಲು ಸರಿಮಾಡಿಕೊಂಡು, "ಹಸು ಕೊಡೋದಾ?" ಎಂದ, ಮೊದಲ ಸಲ ಕಾಣುವವನಂತೆ.

"ಗಿರಾಕಿ ಸರಿಯಾಗಿದ್ರೆ ಕೊಡೋದೇ," ಎಂದಳು ಅವಳು. "ಟವೆಲ್ ಹಾಸಿ ಸ್ವಾಮಿ."

ಜಾತ್ರೆಯ ದನದ ಯಾಪಾರವೆಲ್ಲ ಟವೆಲಿನ ಅಡಿಯಲ್ಲೇ ನಡೆಯುವುದು. ಮಾರುವವನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ, ಬಾಯಿ ಬಿಡುವಂತಿಲ್ಲ. ಆದರೆ ಹೆಂಗಸು ಟವೆಲಿಗೆ ಕೈ ಹಾಕಿದ್ದನ್ನು ಬಂಡೆಪಾಳ್ಯ ಕಂಡಿರಲಿಲ್ಲ. ಚಿಕ್ಕಹನುಮಕ್ಕನ ಕೈಗೆ ರುದ್ರಯ್ಯ ಇವತ್ತಿನವರೆಗೆ ಏನನ್ನು ಕೊಟ್ಟಿದ್ದರೂ, ಕಾಳಾಗಲಿ ಕೂಲಿಯಾಗಲಿ, ಗೇಣು ಮೇಲಿನಿಂದ ಬಿಟ್ಟಿದ್ದ. ಈಗ ಟವೆಲ್ ಹರಡಿ, ಅದರಡಿ ಕೈ ಇಟ್ಟು, ಕಣ್ಣನ್ನು ಎದುರಿನ ಗೋಡೆಗೆ ನೆಟ್ಟ.

ಅವಳು ಅವನ ಒಂದು ಬೆರಳು ಹಿಡಿದು ಒತ್ತಿದಳು.

ಟವೆಲ್ ಅಲುಗಾಡಿತು. ರುದ್ರಯ್ಯ ಬೆರಳು ಅರ್ಧ ಮಡಚಿ ಚೌಕಾಸಿ ಮಾಡಿದ. ಅವಳು ಮತ್ತೆ ನೆಟ್ಟಗೆ ಮಾಡಿದಳು. ಇನ್ನೊಮ್ಮೆ ಮಡಚಿದ. ಇನ್ನೊಮ್ಮೆ ನೆಟ್ಟಗಾಯಿತು. ಸರ್ವಮಂಗಳಾ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಳು.

"ಒಂದು ಅಂದ್ರೆ ಏನಮ್ಮ?" ಎಂದ ರುದ್ರಯ್ಯ, ಕ್ರಮ ಮರೆತು, ಬಾಯಿಬಿಟ್ಟು.

"ಒಂದಿನ. ವಾರಕ್ಕೆ ಆರು ದಿನ ಹಸು ನಿಮ್ದು. ಸೋಮವಾರ ನಂದು. ಭಾನುವಾರ ಸಂಜೆ ಹೊಡ್ಕಂಡು ಬನ್ನಿ, ಮಂಗಳವಾರ ಬೆಳಗ್ಗೆ ಹೊಡ್ಕಂಡೋಗಿ. ಸೋಮವಾರದ ಹಾಲು ನಂದು, ಮೇವು ನಂದು, ಸೂಜಿ ಬಿದ್ರೆ ಅದೂ ನಂದೇ."

ಸರ್ವಮಂಗಳಾ "ಅಯ್ಯೋ, ಇದ್ಯಾವ ಲೆಕ್ಕ" ಎಂದು ಮುಂದೆ ಬರುವಷ್ಟರಲ್ಲಿ ರುದ್ರಯ್ಯನ ಮುಖ ಅರಳಿತ್ತು. ಇಷ್ಟು ವರ್ಷ ಅವನ ಸೋಮವಾರವನ್ನು ಯಾರೂ ಇಷ್ಟು ಗೌರವದಿಂದ ನಡೆಸಿಕೊಂಡಿರಲಿಲ್ಲ.

"ಸರಿಯಾಗೈತೆ," ಎಂದು ಟವೆಲ್ ಕೊಡವಿದ. "ಒಪ್ಪಿದೆ."

ಯಾಪಾರ ಮುಗಿದ ಮೇಲೆ ಚಿಕ್ಕಹನುಮಕ್ಕ ಒಳಗಿಂದ ಸ್ಟೀಲ್ ಲೋಟದಲ್ಲಿ ಟೀ ತಂದು ಚಾಪೆಯ ಮೇಲಿಟ್ಟಳು. ಅವನು ಲೋಟ ನೋಡಿದ. "ಯಾವ ಹಸುವಿನ ಹಾಲು?"

"ಬಿಳಿಗಾಲೀದು."

"ಹಂಗಾದ್ರೆ ನಮ್ದೇ," ಎಂದು ಕುಡಿದ. "ಸಕ್ಕರೆ ಜಾಸ್ತಿ."

"ಮುಂದಿನ್ ವಾರ ಕಮ್ಮಿ ಹಾಕ್ತೀನಿ," ಎಂದಳು ಅವಳು. ಮಂಗಳವಾರ ಮಂಗಳವಾರ ಹಸು ತರಲು ಅವನೇ ಹೋಗತೊಡಗಿದ್ದು ಹೀಗೆ.

ಕಡ್ಡಿ ಹಾಕಿದ ಮಂಗಳವಾರದಿಂದ ಸರ್ವಮಂಗಳಾ ದಿನ ಎಣಿಸುತ್ತಿದ್ದಳು. ಮೂರು ವಾರ ಬೆದೆ ಕಾಣದಿದ್ದರೆ ನಿಂತಿತು ಎಂದೇ ಲೆಕ್ಕ. ಹತ್ತೊಂಬತ್ತನೇ ದಿನ, ಭಾನುವಾರ ಸಂಜೆ, ನಿಶ್ಶಬ್ದವಾಗಿದ್ದ ಬಿಳಿಗಾಲಿಯನ್ನು ಹಟ್ಟಿಗೆ ಬಿಟ್ಟು ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಇಪ್ಪತ್ತನೇ ದಿನ, ಸೋಮವಾರ ಬೆಳಗಿನ ಜಾವ, ಊರಿಗೆ ಊರೇ ಏಳುವ ಹಾಗೆ ಹಟ್ಟಿಯ ಕಡೆಯಿಂದ ಒಂದು ಕೂಗು ಬಂತು. ಅದು ಯಾರ ಕೂಗೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ.

ಹಾಲೇಶ್ ಬಂದು ನೋಡಿ, "ಈ ಸಲ ನಿಂತಿಲ್ಲ," ಎಂದರು. "ಹತ್ತರಲ್ಲಿ ಮೂರು ನಾಲ್ಕೇ ನಿಲ್ಲೋದು ಮೊದಲ ಸಲಕ್ಕೆ. ಆದ್ರೆ ತಾನಾಗೇ ಬೆದೆಗೆ ಬಂದವಳೆ ನೋಡಿ, ಚಕ್ರ ತಿರುಗ್ತು. ಇವತ್ತೇ ಹಾಕ್ತೀನಿ." ಹಾಕಿದರು.

ಸರ್ವಮಂಗಳಳಿಗೆ ಚಕ್ರ ಕೇಳಿಸಲಿಲ್ಲ, ನಿಂತಿಲ್ಲ ಎಂಬುದಷ್ಟೇ ಕೇಳಿಸಿತು. ಬಿಳಿಗಾಲಿಯ ಕೂಗು ರುದ್ರಯ್ಯನಿಗೂ ಕೇಳಿಸಿತ್ತು. ಆಡಿದ ಮಾತಿಗೆ ತಪ್ಪದ ಮನುಷ್ಯ, ಬೈಲಪ್ಪನಿಗೆ ಫೋನ್ ಮಾಡಿಯೇಬಿಟ್ಟ.

ಮಂಗಳವಾರ ಹತ್ತು ಗಂಟೆಗೆ ಟೆಂಪೋ ಬಂದು ನಿಂತಿತು. ಬೈಲಪ್ಪ ದಪ್ಪ ಹೊಟ್ಟೆಯ, ತೆಳ್ಳನೆ ದನಿಯ ಮನುಷ್ಯ. ಹಸುವಿನ ಸುತ್ತ ಎರಡು ಸುತ್ತು ಬಂದು, "ಬಾಗುಂದಿ, ಬಾಗುಂದಿ," ಎಂದು ಪಾವಗಡದ ತೆಲುಗಿನಲ್ಲಿ ಮೆಚ್ಚಿದ. "ಹಲ್ಲು ಚೆನ್ನಾಗೈತೆ. ಹತ್ತಿಸ್ಲಾ ರುದ್ರಯ್ಯಗಾರು?" ಸರ್ವಮಂಗಳಾ ಕೊಟ್ಟಿಗೆಯ ಕಂಬ ಹಿಡಿದು ನಿಂತಿದ್ದಳು. ಬಿಳಿಗಾಲಿ ಅವಳ ಸೆರಗಿನ ತುದಿ ಬಾಯಿಗೆ ಹಾಕಿಕೊಂಡಿತ್ತು. ಅವಳು ಎಳೆದುಕೊಳ್ಳಲಿಲ್ಲ.

"ಹತ್ತಿಸು," ಎಂದ ರುದ್ರಯ್ಯ. "ಆದ್ರೆ ಒಂದು ಮಾತು. ಸೋಮವಾರ ಇದು ನಂದಲ್ಲ."

"ಅಂದ್ರೆ?"

"ಸೋಮವಾರ ಚಿಕ್ಕಹನುಮಕ್ಕಂದು. ಟವೆಲ್ ಹಾಕಿ ಒಪ್ಪಿದ ಯಾಪಾರ. ಆರು ದಿನದ ಹಸು ನಾನು ಮಾರಬಲ್ಲೆ, ಏಳನೇದು ನನ್ನ ಕೈಲಿಲ್ಲ. ನೀನು ಪ್ರತಿ ಭಾನುವಾರ ಸಂಜೆ ಪಾವಗಡದಿಂದ ತಂದು ಹಟ್ಟೀಲಿ ಕಟ್ಟಿ, ಮಂಗಳವಾರ ಬೆಳಗ್ಗೆ ಬಂದು ಹೊಡ್ಕಂಡು ಹೋಗ್ಬೇಕು."

ಬೈಲಪ್ಪ ತಮಾಷೆಯೆಂದು ನಕ್ಕ. ರುದ್ರಯ್ಯ ನಗಲಿಲ್ಲ. ಬೈಲಪ್ಪನ ನಗು ಮೆಲ್ಲಗೆ ಇಳಿಯಿತು.

"ಇದೇಂದಿ ಸ್ವಾಮಿ! ಹಸುವಿಗೆ ಬಸ್ ಪಾಸ್ ಮಾಡಿಸ್ಬೇಕಾ?"

"ಅದು ನಿನ್ನ ಅನುಕೂಲ."

"ಆ ಯಮ್ಮಂಗೆ ಏನಾದ್ರೂ ಕೊಟ್ಟು ಬಿಡಿಸ್ಕೊಂಡ್ರೆ?"

"ಅವಳನ್ನೇ ಹೋಗಿ ಕೇಳು."

ಬೈಲಪ್ಪ ಹಟ್ಟಿಗೆ ಹೋದ. ಕಾಲು ಗಂಟೆಯಲ್ಲಿ ಬಂದ. ಏನು ನಡೆಯಿತೆಂದು ಅವನು ಹೇಳಲಿಲ್ಲ. ಟೆಂಪೋ ಹತ್ತಿ, ಬಾಗಿಲು ಹಾಕಿಕೊಂಡು, ಕಿಟಕಿಯಿಂದ ತಲೆ ಹಾಕಿ, "ನಿಮ್ಮೂರಿಗೊಂದು ದಣ್ಣಂ," ಎಂದು ಕೈಮುಗಿದು ಹೋದ.

ಸರ್ವಮಂಗಳಾ ಗಂಡನ ಮುಖ ನೋಡಿದಳು. "ನಾನೇನು ಮಾಡ್ಲಿ?" ಎಂದ ಅವನು, ನಿಜವಾದ ಬೇಸರದಲ್ಲಿಯೇ. "ಮಾತು ಕೊಟ್ಟಿದ್ದೆ, ಹತ್ತಿಸು ಅಂದೆ. ಇಲ್ಲ ಅಂದೋನು ಅವನು." ಅಷ್ಟು ಹೇಳಿ, ಹಸುವಿಗೆ ಹುಲ್ಲು ಹಾಕಿದ, ಮಾಮೂಲಿಗಿಂತ ಒಂದು ಹಿಡಿ ಜಾಸ್ತಿಯೇ ಇತ್ತು.

ಮೂರು ತಿಂಗಳಾದ ಮೇಲೆ ಒಂದು ಶನಿವಾರ ಹಾಲೇಶ್ ಹೆಗಲವರೆಗೆ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಪರೀಕ್ಷೆ ಮಾಡಿ, "ಗಬ್ಬ ಗಟ್ಟಿ," ಎಂದರು. ಸರ್ವಮಂಗಳಾ ಬಿಳಿಗಾಲಿಯ ಕತ್ತು ತಬ್ಬಿಕೊಂಡಳು. ವಿಷಯ ತಿಳಿದು ಚಿಕ್ಕಹನುಮಕ್ಕನೂ ಬಂದಳು. ಈಗೀಗ ಅವಳು ನಡುಮನೆಯ ಬಾಗಿಲವರೆಗೂ ಬರುತ್ತಿದ್ದಳು. ಬಂದು ಹೊಸಿಲ ಮೇಲೇ ಕೂರುತ್ತಿದ್ದಳು.

"ಯಾವಾಗ ಹಾಕ್ತದೆ ಡಾಕ್ಟ್ರೇ ಕರು?" ಎಂದು ಕೇಳಿದವನು ರುದ್ರಯ್ಯ.

"ಕಡ್ಡಿ ಹಾಕಿದ್ದು ಸೋಮವಾರ. ಅಲ್ಲಿಂದ ಇನ್ನೂರ ಎಂಬತ್ತು ದಿನ."

ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲ. ರುದ್ರಯ್ಯ ಬಳಪ ತೆಗೆದುಕೊಂಡು ಕೊಟ್ಟಿಗೆಯ ಗೋಡೆಯ ಮೇಲೆ ಇನ್ನೂರ ಎಂಬತ್ತನ್ನು ಏಳರಿಂದ ಭಾಗಿಸಿದ. ಸರಿಯಾಗಿ ನಲವತ್ತು ವಾರ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ.

ಬಳಪ ಕೆಳಗಿಟ್ಟು, "ಸೋಮವಾರ," ಎಂದ.

ಹೊಸಿಲ ಮೇಲಿದ್ದ ಚಿಕ್ಕಹನುಮಕ್ಕ ಕೂತಲ್ಲೇ ಕಾಲು ಚಾಚಿ, ಸೊಂಟದ ಚೀಲದಿಂದ ಎಲೆ ತೆಗೆದು, ಬಹಳ ನಿಧಾನವಾಗಿ ಸುಣ್ಣ ಸವರತೊಡಗಿದಳು.

ಡಾಕ್ಟರು ಬೈಕಿನ ಬಳಿ ಹೋದಾಗ ಸರ್ವಮಂಗಳಾ ಹಿಂದೆಯೇ ಓಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು:

"ಡಾಕ್ಟ್ರೇ, ಕರು ಹಾಕೋದನ್ನ ಒಂದೇ ಒಂದು ದಿನ ಹಿಂದೆ ಮುಂದೆ ಮಾಡೋ ಅಂಥ ಇಂಜೆಕ್ಷನ್ ಏನಾದ್ರೂ ಅಯ್ತಾ?"